ಹಿಂದಿನ ಸೀಟಿನ ತಕರಾರು

ಬಾಲಿ ದ್ವೀಪಕ್ಕೆ ಹೋಗಿಬಂದವರ ಮನೆಗೆ ಹೋದರೆ ಕಾಫಿಯ ಜೊತೆಗೆ ಫೋಟೋಗಳನ್ನೂ ನುಂಗಬೇಕಾದ ಕಾಲ ಇದು. 2024ರಲ್ಲಿ ಬೆಂಗಳೂರಿನಿಂದ ಅಲ್ಲಿಗೆ ನೇರ ವಿಮಾನ ಶುರುವಾದ ಮೇಲಂತೂ ನಮ್ಮಂಥ ಸಣ್ಣ ಊರುಗಳಿಂದಲೂ ಜನ ಧರ್ಮಸ್ಥಳಕ್ಕೆ ಹೊರಟಷ್ಟು ಸಲೀಸಾಗಿ ಹೊರಡುತ್ತಿದ್ದಾರೆ. ಹೋಗಲಿ, ಸಂತೋಷ. ಸಮುದ್ರದ ಫೋಟೋ, ಕೋತಿಗಳ ಫೋಟೋ, ಹೋಟೆಲಿನ ತಿಂಡಿಯ ಫೋಟೋ ಎಲ್ಲವನ್ನೂ ನಾನು ತಾಳ್ಮೆಯಿಂದಲೇ ನೋಡುತ್ತೇನೆ. ಒಂದು ಫೋಟೋ ಬಂದಾಗ ಮಾತ್ರ ತಾಳ್ಮೆ ತಪ್ಪುತ್ತದೆ. ಎರಡು ಕಡೆಯೂ ಹಸಿರು ಗದ್ದೆ, ನಡುವೆ ಕಿರಿದಾದ ರಸ್ತೆ, ರಸ್ತೆಯ ಮೇಲೊಂದು ಬಾಡಿಗೆ ಸ್ಕೂಟರು. ಕಪ್ಪು ಕನ್ನಡಕ ಹಾಕಿಕೊಂಡು ಹ್ಯಾಂಡಲ್ ಹಿಡಿದ ಗಂಡ. ಹಿಂದೆ ಅವನ ಹೆಗಲ ಮೇಲೆ ಕೈಯಿಟ್ಟು ನಗುತ್ತಿರುವ ಹೆಂಡತಿ. ಆಗ ನಾನು ಕೇಳುವುದು ಒಂದೇ ಪ್ರಶ್ನೆ. "ನಿಮ್ಮಿಬ್ಬರಲ್ಲಿ ಊರಲ್ಲಿ ದಿನಾ ಸ್ಕೂಟರ್ ಓಡಿಸೋರು ಯಾರು?"

ಉತ್ತರ ತಡವಾಗಿ ಬರುತ್ತದೆ. "ಇವಳೇ ಓಡಿಸೋದು, ಆದ್ರೆ ಅದು ಫಾರಿನ್ನು ನೋಡಿ" ಎಂದು ಗಂಡ ನಗುತ್ತಾನೆ. ಹೆಂಡತಿ ಕಾಫಿ ಲೋಟ ಎತ್ತಿಕೊಂಡು ಒಳಗೆ ಹೋಗುತ್ತಾಳೆ.

ನಮ್ಮ ಊರುಗಳ ಬೆಳಗಿನ ಎಂಟು ಗಂಟೆಯನ್ನು ನೆನಪಿಸಿಕೊಳ್ಳಿ. ಮಗುವನ್ನು ಮುಂದೆ ನಿಲ್ಲಿಸಿಕೊಂಡು, ಅದರ ಬ್ಯಾಗನ್ನು ಕಾಲ ಬಳಿ ತುರುಕಿ, ಇನ್ನೊಂದನ್ನು ಹಿಂದೆ ಕೂರಿಸಿಕೊಂಡು ಶಾಲೆಗೆ ಹೋಗುವವರು ಯಾರು? ತರಕಾರಿ ಚೀಲ ಕೊಕ್ಕೆಗೆ ಸಿಕ್ಕಿಸಿಕೊಂಡು ಬರುವವರು, ಅತ್ತೆಯನ್ನು ಮಂಡಿನೋವಿನ ಡಾಕ್ಟರ ಹತ್ತಿರ ಕರೆದೊಯ್ಯುವವರು, ಮಳೆಯಲ್ಲಿ ನೆನೆದು ಬ್ಯಾಂಕಿನ ಕೆಲಸಕ್ಕೆ ಸೇರುವವರು ಯಾರು? ಮೊದಲು ಲೂನಾ ಬಂತು. 1984ರಲ್ಲಿ ಗೇರಿಲ್ಲದ, ಒದೆಯುವ ಕಷ್ಟವಿಲ್ಲದ ಕೈನೆಟಿಕ್ ಹೋಂಡಾ ಬಂತು. ಆಮೇಲೆ ಸ್ಕೂಟಿ, ಆಮೇಲೆ ಆಕ್ಟಿವಾ. ನಮ್ಮ ಹೆಣ್ಣುಮಕ್ಕಳಿಗೆ ಯಾರ ಭಾಷಣವೂ ಕೊಡದಷ್ಟು ಸ್ವಾತಂತ್ರ್ಯವನ್ನು ಈ ನಾಲ್ಕು ಗಾಡಿಗಳು ಕೊಟ್ಟಿವೆ ಎಂದರೆ ಉತ್ಪ್ರೇಕ್ಷೆಯಲ್ಲ. ಅಷ್ಟರಲ್ಲಿ ಗಂಡಂದಿರು ಕಾರಿಗೆ ಬಡ್ತಿ ಪಡೆದರು. ಅವರು ಎರಡು ಚಕ್ರದ ಗಾಡಿ ಮುಟ್ಟಿ ಹತ್ತು ವರ್ಷವೋ ಹದಿನೈದು ವರ್ಷವೋ ಆಗಿರುತ್ತದೆ. ಆದರೂ ಗಾಡಿಯ ಮೇಲಿನ ಹಕ್ಕು ಬಿಟ್ಟಿಲ್ಲ. ಆಯುಧ ಪೂಜೆಯ ದಿನ ನೋಡಿ. ಸ್ಕೂಟರ್ ತೊಳೆಯುವವಳು ಅವಳು, ಕುಂಕುಮ ಇಟ್ಟು ಹೂವು ಸುತ್ತುವವಳು ಅವಳು. ನಿಂಬೆಹಣ್ಣಿನ ಮೇಲೆ ಗಾಡಿ ಹತ್ತಿಸುವ ಹೊತ್ತಿಗೆ ಮಾತ್ರ ಪಂಚೆ ಎತ್ತಿ ಕಟ್ಟಿಕೊಂಡು ಗಂಡನೋ ಮಗನೋ ಬರುತ್ತಾನೆ.

ಪರದೇಶದ ಬಾಡಿಗೆ ಸ್ಕೂಟರಿನಲ್ಲಿ ನಡೆಯುವುದೂ ಈ ನಿಂಬೆಹಣ್ಣಿನ ಶಾಸ್ತ್ರವೇ. ಊರಿನಲ್ಲಿ ಅದು ಕೇವಲ ತಮಾಷೆ. ಅಲ್ಲಿ ಕೈಕಾಲಿನ ಪ್ರಶ್ನೆ, ಕಾನೂನಿನ ಪ್ರಶ್ನೆ. ಆದ್ದರಿಂದಲೇ ಈ ತಕರಾರು.

ನಾವು ನಾಲ್ವರು ಬಾಲಿಗೆ ಹೋಗಿದ್ದೆವು. ನಾನು, ನಮ್ಮವರು, ನನ್ನ ಮೈದುನ, ಅವನ ಹೆಂಡತಿ. ಉಬುದ್ ಎಂಬ ಊರಿನಲ್ಲಿ ಉಳಿದುಕೊಂಡಿದ್ದು. ಅಲ್ಲಿ ಮನೆಗೊಂದರಂತೆ ಬಾಡಿಗೆ ಸ್ಕೂಟರುಗಳು ನಿಂತಿರುತ್ತವೆ. ದಿನಕ್ಕೆ ಎಂಬತ್ತು ಸಾವಿರ ರೂಪಾಯಾ ಎಂದಾಗ ಎದೆ ಧಸಕ್ಕೆನ್ನುತ್ತದೆ. ಲೆಕ್ಕ ಹಾಕಿದರೆ ನಮ್ಮ ನಾನೂರು ಚಿಲ್ಲರೆ ರೂಪಾಯಿ. ಎಲ್ಲವೂ ನೂರಹತ್ತು, ನೂರಿಪ್ಪತ್ತೈದು ಸಿಸಿಯ, ಗೇರಿಲ್ಲದ ಗಾಡಿಗಳು. ಅವರು 'ಮ್ಯಾಟಿಕ್' ಎನ್ನುತ್ತಾರೆ. ನಮ್ಮ ಆಕ್ಟಿವಾದ ಅಕ್ಕತಂಗಿಯರೇ. ಸಂಚಾರವೂ ನಮ್ಮಂತೆಯೇ ಎಡಗಡೆಗೆ. ಅಂದರೆ ಮಲೆನಾಡಿನ ನಮ್ಮ ಊರಿನ ಬಸ್‌ಸ್ಟ್ಯಾಂಡ್ ರಸ್ತೆಯಲ್ಲಿ ಇಪ್ಪತ್ತು ವರ್ಷ ದನ, ಆಟೋ, ಖಾಸಗಿ ಬಸ್ಸುಗಳ ನಡುವೆ ಗಾಡಿ ಓಡಿಸಿದ ನನಗೆ ಅಲ್ಲಿ ಹೊಸದಾಗಿ ಕಲಿಯಬೇಕಾದದ್ದು ಹೆಚ್ಚೇನೂ ಇರಲಿಲ್ಲ. ಪೆಟ್ರೋಲನ್ನು ರಸ್ತೆಬದಿಯ ಗೂಡಂಗಡಿಗಳಲ್ಲಿ ಗಾಜಿನ ಬಾಟ್ಲಿಗಳಲ್ಲಿ ತುಂಬಿಟ್ಟು ಮಾರುತ್ತಾರೆ ಎಂಬುದೊಂದೇ ಹೊಸ ವಿಷಯ. ಮೊದಲ ದಿನ ಅದನ್ನು ಜೇನುತುಪ್ಪ ಎಂದುಕೊಂಡವರು ನಮ್ಮವರು, ನಾನಲ್ಲ.

ಊರು ಬಿಡುವ ಮೊದಲೇ ನಾನು ಅಂತರರಾಷ್ಟ್ರೀಯ ಚಾಲನಾ ಪರ್ಮಿಟ್ ಮಾಡಿಸಿಕೊಂಡಿದ್ದೆ. ಇದು ನಮ್ಮ ಆರ್.ಟಿ.ಓ. ಕಚೇರಿಯಲ್ಲೇ ಸಿಗುತ್ತದೆ. ಸಾವಿರ ರೂಪಾಯಿ ಶುಲ್ಕ, ಒಂದು ವರ್ಷದ ಆಯುಷ್ಯ. ನಮ್ಮ ಲೈಸೆನ್ಸಿನಲ್ಲಿ ಯಾವ ಬಗೆಯ ವಾಹನ ಇದೆಯೋ ಅದಕ್ಕೆ ಮಾತ್ರ ಪರ್ಮಿಟ್ಟಿನಲ್ಲಿ ಮುದ್ರೆ ಬೀಳುತ್ತದೆ. ಕೌಂಟರಿನಲ್ಲಿ ಕೂತಿದ್ದವರು ನನ್ನ ಅರ್ಜಿ ನೋಡಿ, "ನಿಮಗ್ಯಾಕಮ್ಮಾ ಇದು? ಸಾರ್‌ದು ಮಾಡಿಸಿದ್ರೆ ಸಾಕಲ್ಲ" ಎಂದರು. ಸಾರ್ ಪಕ್ಕದಲ್ಲೇ ನಿಂತಿದ್ದರು. ಸಾರ್ ಲೈಸೆನ್ಸಿನಲ್ಲಿ ಇದ್ದದ್ದು ಕಾರು ಒಂದೇ. ಕಾಲೇಜಿನಲ್ಲಿ ಗೆಳೆಯನ ಯೆಜ್ಡಿ ಓಡಿಸಿದ ಪ್ರತಾಪವನ್ನು ಯಾವ ಕಚೇರಿಯೂ ಮುದ್ರೆ ಹಾಕಿ ಕೊಡುವುದಿಲ್ಲವಲ್ಲ! ನಾನು "ಓಡಿಸೋದು ನಾನೇ" ಎಂದೆ. ಅವರು ನಮ್ಮವರ ಮುಖವನ್ನು ಸಂತಾಪದಿಂದ ನೋಡಿದರು.

ನಿಮ್ಮ ಮನೆಯಲ್ಲಿರುವ ಲೈಸೆನ್ಸುಗಳನ್ನು ಒಮ್ಮೆ ಹೊರತೆಗೆದು ನೋಡಿ. ಕಾರಿನ ಲೈಸೆನ್ಸು ಇದ್ದವರು ಸ್ಕೂಟರನ್ನೂ ಓಡಿಸಬಹುದು ಎಂಬ ನಂಬಿಕೆ ನಮ್ಮಲ್ಲಿ ಎಷ್ಟು ಗಟ್ಟಿಯೆಂದರೆ, ಹೇಳಿದರೂ ಒಪ್ಪುವುದಿಲ್ಲ. ಒಪ್ಪದಿದ್ದರೂ ಕಾನೂನು ಅದೇ. ಎಲ್.ಎಂ.ವಿ. ಎಂದಷ್ಟೇ ಇದ್ದರೆ ಅದು ಕಾರಿಗೆ. ಗೇರಿಲ್ಲದ ಗಾಡಿಗೆ ಬೇರೆ, ಗೇರಿರುವ ಬೈಕಿಗೆ ಬೇರೆ. ಸ್ಕೂಟಿ ಕಲಿತು, ಎಂಟರ ಆಕಾರದಲ್ಲಿ ಓಡಿಸಿ ತೋರಿಸಿ ಲೈಸೆನ್ಸು ಪಡೆದ ಹೆಂಗಸಿನ ಕೈಯಲ್ಲಿ ಬಾಲಿಯ ಗಾಡಿಗೆ ಬೇಕಾದ ಕಾಗದ ಇದೆ. ಕಾರು ಮಾತ್ರ ಕಲಿತ ಅವಳ ಗಂಡನ ಕೈಯಲ್ಲಿ ಇಲ್ಲ. ಇಷ್ಟು ಸರಳ ಲೆಕ್ಕ. ಆದರೂ ಬಾಡಿಗೆಗೆ ಕೊಡುವವರು ಕೀಲಿಯನ್ನು ಚಾಚುವುದು ಗಂಡಸಿನ ಕಡೆಗೇ. ಉಬುದಿನಲ್ಲಿ ನಮಗೆ ಗಾಡಿ ಕೊಟ್ಟವರು ಒಬ್ಬ ಹೆಂಗಸು. ಅವರೇ ಎದುರು ಮನೆಗೆ ಸ್ಕೂಟರಿನಲ್ಲಿ ಹೋಗಿ ಹೆಲ್ಮೆಟ್ಟು ತಂದರು. ತಂದು ನಮ್ಮವರ ಕೈಗೆ ಕೊಟ್ಟರು. ನಾನು ಪರ್ಮಿಟ್ ತೋರಿಸಿ ಕೀಲಿ ಇಸಕೊಂಡಾಗ ಮಾತ್ರ ಆಕೆಯ ಮುಖದಲ್ಲೊಂದು ನಗು ಕಂಡಿತು. ಅದರ ಅರ್ಥವನ್ನು ನಾನು ನನಗೆ ಬೇಕಾದ ಹಾಗೆ ಮಾಡಿಕೊಂಡಿದ್ದೇನೆ.

ಮೈದುನ ಇನ್ನೊಂದು ಗಾಡಿ ತೆಗೆದುಕೊಂಡ. ಅವನದೂ ಬರೀ ಕಾರಿನ ಲೈಸೆನ್ಸು, ಪರ್ಮಿಟ್ಟೂ ಇಲ್ಲ. "ನಿನ್ನ ಹೆಂಡ್ತಿ ಊರಲ್ಲಿ ದಿನಾ ಓಡಿಸ್ತಾಳಲ್ಲೋ, ಅವಳಿಗಾದ್ರೂ ಪರ್ಮಿಟ್ ಮಾಡಿಸಬೇಕಿತ್ತು. ಈಗ ಸುಮ್ನೆ ಕಾರು ಮಾಡ್ಕೊಂಡು ಬನ್ನಿ" ಎಂದೆ. "ಇಲ್ಲಿ ಯಾರೂ ಏನೂ ಕೇಳಲ್ಲ ಅತ್ತಿಗೆ" ಎಂದ. ಈ ಮಾತನ್ನು ನಾನು ಎಷ್ಟು ಜನರ ಬಾಯಲ್ಲಿ ಕೇಳಿದ್ದೇನೆಂದರೆ, ಇದನ್ನು ಪಾಸ್‌ಪೋರ್ಟಿನ ಮೇಲೆಯೇ ಅಚ್ಚು ಹಾಕಿಸಬಹುದು. ಬಾಡಿಗೆಯವರು ಕೇಳುವುದಿಲ್ಲ, ನಿಜ. ಅವರಿಗೆ ಬೇಕಾದದ್ದು ಬಾಡಿಗೆ. ರಸ್ತೆಯಲ್ಲಿ ಪೊಲೀಸರು ಕೇಳುತ್ತಾರೆ. ಪೊಲೀಸರು ಬಿಟ್ಟರೂ ಕೊನೆಗೆ ವಿಮೆಯವರು ಕೇಳುತ್ತಾರೆ. ಅವರು ಕೇಳುವುದು ಮಾತ್ರ ಎಲ್ಲ ಆದ ಮೇಲೆ.

ಆದದ್ದು ಎರಡನೆಯ ದಿನ, ತೆಗಲ್ಲಾಲಾಂಗಿನ ಗದ್ದೆಗಳನ್ನು ನೋಡಿಕೊಂಡು ಬರುವಾಗ. ಇಳಿಜಾರು, ತಿರುವು, ರಸ್ತೆಯ ಮೇಲೆ ಚೆಲ್ಲಿದ ಜಲ್ಲಿ. ಮುಂದಿನ ಬ್ರೇಕನ್ನು ಒಮ್ಮೆಲೇ ಹಿಡಿದ. ದಿನಾ ಓಡಿಸುವ ಯಾವ ಹೆಂಗಸೂ ಜಲ್ಲಿಯ ಮೇಲೆ ಮುಂದಿನ ಬ್ರೇಕನ್ನು ಹಾಗೆ ಹಿಡಿಯುವುದಿಲ್ಲ. ಅದು ಪುಸ್ತಕದಿಂದ ಬರುವ ಬುದ್ಧಿಯಲ್ಲ, ಕೈಗೆ ಬಂದಿರುವ ಬುದ್ಧಿ. ಗಾಡಿ ಜಾರಿತು. ಅವನ ಮಂಡಿ ತರಚಿತು. ನನ್ನ ಓರಗಿತ್ತಿಯ ಬಲಗೈ ಮಣಿಕಟ್ಟು ಮುರಿಯಿತು. ಎಕ್ಸ್‌ರೇ, ಪ್ಲಾಸ್ಟರು, ಒಂದು ರಾತ್ರಿ ಖಾಸಗಿ ಆಸ್ಪತ್ರೆ, ಎಲ್ಲ ಸೇರಿ ಬಿಲ್ಲು ಎರಡು ಕೋಟಿ ರೂಪಾಯಾ ದಾಟಿತು. ನಮ್ಮ ಲೆಕ್ಕದಲ್ಲಿ ಒಂದು ಲಕ್ಷದ ಮೇಲೆ. ಪ್ರವಾಸದ ವಿಮೆ ಇತ್ತಲ್ಲ ಎನ್ನುತ್ತೀರಿ. ಇತ್ತು. ಗಾಡಿ ಓಡಿಸುವವರಿಗೆ ಆ ಗಾಡಿಯ ಲೈಸೆನ್ಸು ಇಲ್ಲದಿದ್ದರೆ ಹಿಂದೆ ಕೂತವರಿಗೂ ಪರಿಹಾರವಿಲ್ಲ ಎಂಬ ಷರತ್ತೂ ಅದೇ ಕಾಗದದಲ್ಲಿ ಇತ್ತು. ಇಂಥ ಷರತ್ತು ಎಲ್ಲ ಪಾಲಿಸಿಗಳಲ್ಲೂ ಒಂದೇ ಥರ ಇರುವುದಿಲ್ಲ. ಕೆಲವರು ಎರಡು ಚಕ್ರದ ಗಾಡಿಯನ್ನೇ ಹೊರಗಿಡುತ್ತಾರೆ, ಕೆಲವರು ಹೆಲ್ಮೆಟ್ಟಿನ ಷರತ್ತು ಹಾಕುತ್ತಾರೆ, ಕೆಲವರು ಎಂಜಿನ್ನಿನ ಅಳತೆ ನೋಡುತ್ತಾರೆ. ಓದಬೇಕು ಅಷ್ಟೆ. ನಾವು ಸೀರೆಯ ಅಂಚನ್ನು ನೋಡುವಷ್ಟು ಹೊತ್ತು ಸಾಕು.

ಸುದ್ದಿ ತಿಳಿಸಲು ಊರಿಗೆ ಫೋನ್ ಮಾಡಿದಾಗ ಅತ್ತೆ ಮೊದಲು ಹೇಳಿದ ಮಾತು, "ಸದ್ಯ, ಅವನಿಗೇನೂ ಆಗ್ಲಿಲ್ಲವಲ್ಲ." ಅತ್ತೆಯ ಮೇಲೆ ನನಗೆ ಕೋಪವಿಲ್ಲ, ಮಗನ ಮೇಲಿನ ಪ್ರೀತಿ ಹಾಗೆ ಮಾತಾಡಿಸುತ್ತದೆ. ಆದರೆ ಆ ಮಾತು ನನ್ನ ಕಿವಿಯಲ್ಲಿ ಇನ್ನೂ ಇದೆ. ಗಾಡಿಯನ್ನು ಆರಿಸಿದವಳು ಅವಳಲ್ಲ, ದಾರಿಯನ್ನು ಆರಿಸಿದವಳು ಅವಳಲ್ಲ, ಬ್ರೇಕ್ ಹಿಡಿದವಳು ಅವಳಲ್ಲ. ಮುರಿದದ್ದು ಅವಳ ಕೈ. ಊರಿಗೆ ಬಂದ ಮೇಲೆ ಆರು ವಾರ ಮಕ್ಕಳನ್ನು ಶಾಲೆಗೆ ಬಿಡಲು ಆಟೋ ಗೊತ್ತು ಮಾಡಬೇಕಾಯಿತು. ಮೈದುನನಿಗೆ ಆಫೀಸಿತ್ತು.

ಹಿಂದೆ ಕೂತವರ ಲೆಕ್ಕವನ್ನು ಸರ್ಕಾರ ಬರೆದಿಟ್ಟಿದೆ, ನಾವು ಓದುವುದಿಲ್ಲ. ಕೇಂದ್ರ ಸಾರಿಗೆ ಸಚಿವಾಲಯದ ವರದಿಯ ಪ್ರಕಾರ 2022ರಲ್ಲಿ ನಮ್ಮ ದೇಶದಲ್ಲಿ ಹೆಲ್ಮೆಟ್ಟಿಲ್ಲದೆ ಸತ್ತವರು 50,029 ಮಂದಿ. ಅದರಲ್ಲಿ 14,337 ಮಂದಿ ಓಡಿಸುತ್ತಿದ್ದವರಲ್ಲ, ಹಿಂದೆ ಕೂತಿದ್ದವರು. ಹಿಂದಿನ ಸೀಟಿನಲ್ಲಿ ಸಾಮಾನ್ಯವಾಗಿ ಯಾರು ಕೂರುತ್ತಾರೆ ಎಂಬುದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ. ದೆಹಲಿಯಲ್ಲಿ 2014ರವರೆಗೆ ಹೆಂಗಸರಿಗೆ ಹೆಲ್ಮೆಟ್ ಕಡ್ಡಾಯವೇ ಇರಲಿಲ್ಲ. ನಮ್ಮ ಕರ್ನಾಟಕದಲ್ಲಿ ಹಿಂದೆ ಕೂತವರಿಗೂ ಹೆಲ್ಮೆಟ್ ಎಂಬ ನಿಯಮವನ್ನು ಬಿಗಿಯಾಗಿ ತಂದದ್ದು 2016ರಲ್ಲಿ. ಇಂಡೋನೇಷ್ಯಾದ ಕಾನೂನು 2009ರಿಂದಲೇ ಇಬ್ಬರಿಗೂ ಹೆಲ್ಮೆಟ್ ಕಡ್ಡಾಯ ಮಾಡಿದೆ. ಆದರೂ ಬಾಡಿಗೆಯ ಗಾಡಿಯ ಜೊತೆ ಕೊಡುವ ಎರಡು ಹೆಲ್ಮೆಟ್ಟುಗಳಲ್ಲಿ ಗಟ್ಟಿಯಾದದ್ದು ಗಂಡನ ತಲೆಗೆ, ಪಟ್ಟಿ ಸಡಿಲವಾದ ಚಿಪ್ಪು ಹೆಂಡತಿಯ ತಲೆಗೆ. ಅದರೊಳಗೆ ಅವಳ ಜಡೆ, ಕ್ಲಿಪ್ಪು, ಹೂವು ಎಲ್ಲವೂ ಕೂರಬೇಕು. ಹೆಲ್ಮೆಟ್ ಹಾಕಿಕೊಳ್ಳುವ ಮುಂಚೆ ಕ್ಲಿಪ್ಪು ತೆಗೆದುಬಿಡಿ, ತುರುಬಿದ್ದರೆ ಇಳಿಸಿ ಜಡೆ ಹೆಣೆದುಕೊಳ್ಳಿ. ಸಡಿಲ ಹೆಲ್ಮೆಟ್ಟನ್ನು ಅಂಗಡಿಯವರ ಮುಂದೆಯೇ ವಾಪಸು ಕೊಟ್ಟು ಬೇರೆಯದನ್ನು ಕೇಳಿ. ಕುಕ್ಕರಿನ ಗ್ಯಾಸ್ಕೆಟ್ ಸರಿಯಿಲ್ಲದಿದ್ದರೆ ಅಂಗಡಿಯವನನ್ನು ಬಿಡುತ್ತೇವೆಯೇ?

ಬಟ್ಟೆಯ ವಿಷಯವನ್ನೂ ಹೇಳಿಬಿಡುತ್ತೇನೆ. ನಮ್ಮ ದೇಶದ ಗಾಡಿಗಳ ಹಿಂದಿನ ಚಕ್ರಕ್ಕೆ ನಾವು ಸೀರೆ ಗಾರ್ಡ್ ಎನ್ನುವ ತಂತಿಯ ಬಲೆ ಇರುತ್ತದಲ್ಲ, ಅದು ಕಂಪನಿಯವರ ಔದಾರ್ಯವಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 123ನೆಯದು ಅದನ್ನು ಕಡ್ಡಾಯ ಮಾಡಿದೆ. ಹಿಂದಿನ ಚಕ್ರದ ಅರ್ಧ ಭಾಗವಾದರೂ ಮುಚ್ಚಿರಬೇಕು. ಬಾಲಿಯ ಗಾಡಿಗಳಲ್ಲಿ ಅದಿಲ್ಲ. ದುಪಟ್ಟಾವನ್ನು ಅಲ್ಲಿ ಹೆಗಲ ಮೇಲೆ ಹಾರಲು ಬಿಟ್ಟರೆ ಫೋಟೋ ಚೆನ್ನಾಗಿ ಬರುತ್ತದೆ, ಕುತ್ತಿಗೆಯ ಬಗ್ಗೆ ಖಾತ್ರಿ ಹೇಳಲಾಗದು. ಇಸಡೋರಾ ಡಂಕನ್ ಎಂಬ ಜಗತ್ಪ್ರಸಿದ್ಧ ನರ್ತಕಿ 1927ರಲ್ಲಿ ಫ್ರಾನ್ಸಿನ ನೀಸ್‌ನಲ್ಲಿ ಸತ್ತದ್ದು ಕಾರಿನ ಚಕ್ರಕ್ಕೆ ಶಾಲು ಸುತ್ತಿಕೊಂಡು. ದೇವಸ್ಥಾನಕ್ಕೆ ಸುತ್ತಿಕೊಳ್ಳುವ ಸರೋಂಗನ್ನೂ ಹೊರಗೆ ಬಂದಮೇಲೆ ಬಿಚ್ಚಿ ಸೀಟಿನ ಕೆಳಗೆ ಹಾಕಿಡುವುದೇ ಕ್ಷೇಮ. ಇಳಿಯುವಾಗ ಬಲಗಡೆಯ ಸೈಲೆನ್ಸರಿಗೆ ಮೀನಖಂಡ ತಾಗಿ ಸುಡುವುದು ಎಷ್ಟು ಮಾಮೂಲೆಂದರೆ ಆ ಗಾಯಕ್ಕೆ ಪ್ರವಾಸಿಗಳು ಮುದ್ದಿನ ಹೆಸರನ್ನೇ ಇಟ್ಟಿದ್ದಾರೆ, ಬಾಲಿಯ ಮುತ್ತು ಎಂದು.

ಇನ್ನು, "ಪರದೇಶದಲ್ಲಿ ಹೆಂಗಸು ಗಾಡಿ ಓಡಿಸೋದು ಚೆನ್ನಾಗಿರುತ್ಯೇ?" ಎನ್ನುವವರಿಗೆ. ಬಾಲಿಯ ಬೀದಿಯಲ್ಲಿ ಹತ್ತು ನಿಮಿಷ ನಿಲ್ಲಿ ಸಾಕು. ಲೇಸಿನ ರವಿಕೆ ತೊಟ್ಟು, ನಡುವಿಗೆ ಬಣ್ಣದ ಪಟ್ಟಿ ಬಿಗಿದು, ಎಡೆಯ ಬುಟ್ಟಿ ಇಟ್ಟುಕೊಂಡು ದೇವಸ್ಥಾನಕ್ಕೆ ಸ್ಕೂಟರಿನಲ್ಲಿ ಹೋಗುವ ಹೆಂಗಸರನ್ನು ಕಾಣುತ್ತೀರಿ. ಅಜ್ಜಿಯರೂ ಓಡಿಸುತ್ತಾರೆ. ಅವರಿಗೂ ಒಂದು ಆಯುಧ ಪೂಜೆ ಇದೆ, ತುಂಪೆಕ್ ಲಂಡೆಪ್ ಎಂದು, 210 ದಿನಕ್ಕೊಮ್ಮೆ ಬರುತ್ತದೆ. ಆ ದಿನ ಲೋಹದ ವಸ್ತುಗಳ ಜೊತೆ ಕಾರು, ಸ್ಕೂಟರುಗಳಿಗೂ ತೆಂಗಿನ ಗರಿಯ ಅಲಂಕಾರ, ಪೂಜೆ. ಅಲ್ಲಿ ಹೆಂಗಸು ಗಾಡಿ ಓಡಿಸುವುದು ಯಾರೂ ತಿರುಗಿ ನೋಡದಷ್ಟು ಸಹಜ. ತಿರುಗಿ ನೋಡಿದವರು ನಮ್ಮ ಹೋಟೆಲಿನಲ್ಲಿದ್ದ ನಮ್ಮ ದೇಶದವರೇ. "ಅಂಕಲ್ಲಿಗೆ ಹುಷಾರಿಲ್ವಾ?" ಎಂದು ಒಬ್ಬರು ನನ್ನನ್ನು ಕೇಳಿದರು. ಹಿಂದೆ ಕೂತ ಗಂಡಸಿಗೆ ಜ್ವರವಾದರೂ ಬಂದಿರಲೇಬೇಕು ಎಂಬುದು ನಮ್ಮ ತೀರ್ಮಾನ.

ಹಾಗೆಂದು ಆ ದೇಶವೇ ಸ್ವರ್ಗ ಎಂದು ನಾನು ಹೇಳುತ್ತಿಲ್ಲ. ಅದೇ ಇಂಡೋನೇಷ್ಯಾದ ಇನ್ನೊಂದು ತುದಿ ಆಚೆ ಪ್ರಾಂತ್ಯ. ಅಲ್ಲಿನ ಲೋಕ್ಸುಮಾವೆ ಎಂಬ ನಗರದ ಮೇಯರು 2013ರಲ್ಲಿ ಒಂದು ಸುತ್ತೋಲೆ ಹೊರಡಿಸಿದರು. ಮೋಟರ್‌ಸೈಕಲ್ಲಿನ ಹಿಂದೆ ಕೂರುವ ಹೆಣ್ಣುಮಕ್ಕಳು ಎರಡು ಕಡೆಗೆ ಕಾಲು ಹಾಕಿ ಕೂರಬಾರದು, ಎರಡೂ ಕಾಲನ್ನು ಒಂದೇ ಕಡೆ ಇಟ್ಟುಕೊಂಡು ಕೂರಬೇಕು, ಅದೇ ಮರ್ಯಾದೆ ಎಂದು. ಓದಿದವರು ನಕ್ಕರು. ನಾನು ನಗಲಿಲ್ಲ. ಯಾವ ಮೇಯರೂ ಸುತ್ತೋಲೆ ಹೊರಡಿಸದೆಯೇ ನಮ್ಮ ತಾಯಂದಿರು ಜೀವಮಾನವಿಡೀ ಹಾಗೆಯೇ ಕೂತರು. ಒಂದು ಕೈಯಲ್ಲಿ ಮಗು, ಇನ್ನೊಂದು ಕೈಯಲ್ಲಿ ಸೆರಗು, ಹಿಡಿದುಕೊಳ್ಳಲು ಮೂರನೆಯ ಕೈ ಇಲ್ಲ.

ಜಪಾನಿನ ಹೋಂಡಾ ಕಂಪನಿ 1958ರಲ್ಲಿ ಸೂಪರ್ ಕಬ್ ಎಂಬ ಗಾಡಿ ತಂದಾಗ ಮುಂದೆ ಕಾಲು ದಾಟಿಸಲು ಜಾಗ ಬಿಟ್ಟಿತು. ಲಂಗ ಉಟ್ಟವರೂ ಹತ್ತಬಹುದಾದ, ಕ್ಲಚ್ ಹಿಡಿಯಬೇಕಾಗಿಲ್ಲದ ಗಾಡಿ ಅದು. 2017ರ ಹೊತ್ತಿಗೆ ಹತ್ತು ಕೋಟಿ ತಯಾರಾಗಿದ್ದವು. ಇಂಡೋನೇಷ್ಯಾದಲ್ಲಿ ಈ ಜಾತಿಯ ಗಾಡಿಗೆ ಬೆಬೆಕ್ ಎನ್ನುತ್ತಾರೆ, ಅಂದರೆ ಬಾತುಕೋಳಿ. ಹೆಂಗಸು ಓಡಿಸಲಿ ಎಂದು ಎಂಜಿನಿಯರುಗಳು ಅರವತ್ತು ವರ್ಷಕ್ಕೂ ಹಿಂದೆಯೇ ದಾರಿ ಬಿಟ್ಟುಕೊಟ್ಟಿದ್ದಾರೆ. ಮನೆಯವರು ಇನ್ನೂ ಬಿಟ್ಟಿಲ್ಲ.

ನನ್ನ ಮಾತನ್ನು ಓದಿ ಎಲ್ಲರೂ ಎಲ್ಲೆಡೆ ಗಾಡಿ ಹತ್ತಬೇಕು ಎಂದುಕೊಳ್ಳಬೇಡಿ. ಕಿಂತಾಮಣಿಯ ಬೆಟ್ಟದ ರಸ್ತೆಗೆ, ಮಳೆಗಾಲಕ್ಕೆ, ರಾತ್ರಿಯ ಪ್ರಯಾಣಕ್ಕೆ ನಾವು ಚಾಲಕನಿದ್ದ ಕಾರನ್ನೇ ಮಾಡಿಕೊಂಡೆವು. ಅದರಲ್ಲಿ ನಾಚಿಕೆಯೇನಿಲ್ಲ. ಊರಿಗೆ ಹತ್ತಿರದಲ್ಲೇ ಇರುವ ಗೋವಾ ಗಜಾ ಗುಹೆಗೆ, ಒಳಗೆ ಒಬ್ಬ ಪುಟ್ಟ ಗಣಪನಿದ್ದಾನೆ, ನಾನೇ ಸ್ಕೂಟರಿನಲ್ಲಿ ಹೋಗಿಬಂದೆ. ಪ್ರವಾಸಿಗಳ ಹುಚ್ಚಾಟವೂ ಅಲ್ಲಿ ಕಡಿಮೆಯಿಲ್ಲ. ಅಂಗಿಯಿಲ್ಲದೆ, ಹೆಲ್ಮೆಟ್ಟಿಲ್ಲದೆ ಗಾಡಿ ಹಾರಿಸುವವರಿಂದ ಬೇಸತ್ತು 2023ರ ಮಾರ್ಚಿನಲ್ಲಿ ಬಾಲಿಯ ಗವರ್ನರ್ ವಾಯನ್ ಕೋಸ್ಟರ್, ವಿದೇಶಿಯರಿಗೆ ಮೋಟರ್‌ಸೈಕಲ್ ಬಾಡಿಗೆ ಕೊಡುವುದನ್ನೇ ನಿಲ್ಲಿಸುವ ಮಾತಾಡಿದ್ದರು. ನಾವು ಹೋದಾಗಲೂ ಗಾಡಿ ಸಿಕ್ಕಿತು, ನಿಜ. ಆದರೆ ಅವರ ಸಿಟ್ಟು ನನಗೆ ಅರ್ಥವಾಗುತ್ತದೆ.

ಕೆಲವು ಕಡೆ ಅಡವಾಗಿ ಪಾಸ್‌ಪೋರ್ಟು ಕೇಳುತ್ತಾರೆ. ಕೊಡಬೇಡಿ. 1967ರ ಪಾಸ್‌ಪೋರ್ಟ್ ಕಾಯಿದೆಯ ಪ್ರಕಾರ ಅದು ನಿಮ್ಮದೂ ಅಲ್ಲ, ಭಾರತ ಸರ್ಕಾರದ ಸ್ವತ್ತು. ನಕಲು ಕೊಡಿ, ಒಪ್ಪದಿದ್ದರೆ ಸ್ವಲ್ಪ ನಗದು ಇಡಿ, ಅದಕ್ಕೂ ಒಪ್ಪದಿದ್ದರೆ ಪಕ್ಕದ ಅಂಗಡಿಗೆ ಹೋಗಿ. ಗಾಡಿ ತೆಗೆದುಕೊಳ್ಳುವ ಮುಂಚೆ ಅದರ ಮೈಮೇಲಿನ ಗೀರುಗಳನ್ನೆಲ್ಲ ಅಂಗಡಿಯವರ ಎದುರಿಗೇ ಫೋಟೋ ತೆಗೆದಿಟ್ಟುಕೊಳ್ಳಿ, ಇಲ್ಲದಿದ್ದರೆ ಹಳೆಯ ಗೀರಿಗೆ ಹೊಸದಾಗಿ ದುಡ್ಡು ಕೊಡಬೇಕಾದೀತು. ಮದುವೆಮನೆಗೆ ಬಾಡಿಗೆ ಪಾತ್ರೆ ತರುವಾಗ ತಳ ತಿರುಗಿಸಿ ನೋಡುವ ನಮಗೆ ಇದೇನು ಹೊಸದೇ?

ಈ ಸಲ ವಿಯೆಟ್ನಾಮಿಗೆ ಹೋಗುವ ಮಾತು ನಡೆಯುತ್ತಿದೆ. ಹತ್ತು ಕೋಟಿ ಜನಕ್ಕೆ ಏಳು ಕೋಟಿಗೂ ಹೆಚ್ಚು ಮೋಟರ್‌ಸೈಕಲ್ ಇರುವ ದೇಶ. ಅಲ್ಲಿ ಬಲಗಡೆಯ ಸಂಚಾರ. ಅದಕ್ಕಿಂತ ದೊಡ್ಡ ತೊಡಕೆಂದರೆ, ನಮ್ಮ ಪರ್ಮಿಟ್ 1949ರ ಜಿನೀವಾ ಒಪ್ಪಂದಕ್ಕೆ ಸೇರಿದ್ದು, ವಿಯೆಟ್ನಾಮ್ ಸೇರಿರುವುದು 1968ರ ವಿಯೆನ್ನಾ ಒಪ್ಪಂದಕ್ಕೆ. ಹಾಗಾಗಿ ನನ್ನ ಕಾಗದವೂ ಅಲ್ಲಿ ನಡೆಯುವುದಿಲ್ಲ. ಅಲ್ಲಿನ ಬಾಡಿಗೆಯವರೂ ಕೇಳುವುದಿಲ್ಲ, ಅಲ್ಲಿನ ವಿಮೆಯವರೂ ಆಮೇಲೆ ಕೇಳುತ್ತಾರೆ. ಉತ್ತರದ ಹಾ ಜಿಯಾಂಗ್ ಬೆಟ್ಟಗಳಲ್ಲಿ 1959ರಿಂದ 1965ರವರೆಗೆ ಯುವಕ ಯುವತಿಯರು ಕೈಯಿಂದಲೇ ಬಂಡೆ ಒಡೆದು ಮಾಡಿದ ರಸ್ತೆಯೊಂದಿದೆ, ಅದರ ಹೆಸರೇ ಸುಖದ ದಾರಿ. ಅಲ್ಲಿಗೆ ಹೋಗುವವರು ಲೈಸೆನ್ಸಿರುವ ಸ್ಥಳೀಯ ಸವಾರರನ್ನು ಗೊತ್ತು ಮಾಡಿಕೊಂಡು ಹಿಂದೆ ಕೂರುವ ಏರ್ಪಾಡಿದೆ. ಬೈಕ್ ಟ್ಯಾಕ್ಸಿಗೆ ಆ ಭಾಷೆಯಲ್ಲಿ 'ಸೆ ಓಮ್' ಎನ್ನುತ್ತಾರಂತೆ, ಓಮ್ ಎಂದರೆ ಅಪ್ಪಿಕೊಳ್ಳುವುದು. ನನಗೆ ಒಬ್ಬ ಸವಾರ, ನಮ್ಮವರಿಗೆ ಒಬ್ಬ ಸವಾರ. ಇಬ್ಬರೂ ಹಿಂದಿನ ಸೀಟಿನಲ್ಲೇ. ನಮ್ಮವರು ಆಗಲೇ ಕಪ್ಪು ಕನ್ನಡಕ ಒರೆಸಿಡುತ್ತಿದ್ದಾರೆ. ಈ ಸುದ್ದಿಯನ್ನು ನಾನು ಅವರಿಗೆ ಇನ್ನೂ ಹೇಳಿಲ್ಲ.